ರಾಯಚೂರು ಜಿಲ್ಲೆಯ ನದಿ ಹಾಗೂ ಕೆರೆಗಳಲ್ಲಿ ಮೀನುಗಾರಿಕೆ: ಪರವಾನಗಿ, ಪಾಶುವಾರು ಹಕ್ಕು, ಹರಿಗೋಲು ಬಳಕೆ ಮತ್ತು ಸುರಕ್ಷತೆ ಕುರಿತು ಸಾರ್ವಜನಿಕ ಮಾಹಿತಿ

1. ಪೀಠಿಕೆ

ಉತ್ತರಕ್ಕೆ ಕೃಷ್ಣಾ ನದಿ ಹಾಗೂ ದಕ್ಷಿಣಕ್ಕೆ ತುಂಗಭದ್ರಾ ನದಿಯಿಂದ ಆವೃತವಾಗಿರುವ ರಾಯಚೂರು ಜಿಲ್ಲೆಯು ಪುರಾತನ ಕಾಲದಿಂದಲೂ ಎಡೆದೊರೆ ನಾಡು ಎಂದು ಹೆಸರಾಗಿದೆ. ದೇವದುರ್ಗ ತಾಲ್ಲೂಕಿನ ಕೊಪ್ಪರ, ಗೂಗಲ್ ಮುಂತಾದ ಗ್ರಾಮಗಳು ಕೃಷ್ಣಾ ನದಿಯ ದಂಡೆಯಲ್ಲಿದ್ದರೆ, ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ಮುಂತಾದ ಗ್ರಾಮಗಳು ತುಂಗಭದ್ರಾ ನದಿಯ ದಂಡೆಯಲ್ಲಿವೆ. ರಾಯಚೂರು ತಾಲ್ಲೂಕು ಎರಡೂ ನದಿಗಳ ನಡುವೆ ಹರಡಿಕೊಂಡಿದೆ. ಈ ಎರಡು ನದಿಗಳು ಜಿಲ್ಲೆಯ ಗಡಿಯನ್ನು ದಾಟಿದ ನಂತರ ಆಂಧ್ರ ಪ್ರದೇಶದ ಕರ್ನೂಲು ಸಮೀಪ ಶ್ರೀಶೈಲಂ ಜಲಾಶಯದ ಹಿನ್ನೀರಿನ ಪ್ರದೇಶದಲ್ಲಿರುವ ಸಂಗಮೇಶ್ವರಂ ಬಳಿ ಕೂಡುತ್ತವೆ.

ಜಿಲ್ಲೆಗೆ ಸಮುದ್ರ ತೀರವಿಲ್ಲ. ಆದರೂ ನದಿ, ಕೆರೆ, ಕಾಲುವೆ ಹಾಗೂ ಹಿನ್ನೀರನ್ನು ನೆಚ್ಚಿ ಬದುಕುವ ಕುಟುಂಬಗಳು ಇಲ್ಲಿವೆ. ಗಂಗಾಮತ, ಅಂಬಿಗ, ಕಬ್ಬಲಿಗ ಮೊದಲಾದ ಸಮುದಾಯದವರು ಹರಿಗೋಲು ಹಾಗೂ ಬಲೆಗಳ ಸಹಾಯದಿಂದ ತಲೆಮಾರುಗಳಿಂದ ಈ ವೃತ್ತಿಯನ್ನು ನಡೆಸಿಕೊಂಡು ಬಂದಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಹವ್ಯಾಸಕ್ಕಾಗಿ ಗಾಳ ಹಾಕುವವರು ಹಾಗೂ ಹರಿಗೋಲನ್ನು ಬಾಡಿಗೆಗೆ ಪಡೆದು ನದಿಗೆ ಇಳಿಯುವವರೂ ಕಂಡುಬರುತ್ತಿದ್ದಾರೆ. ಪರವಾನಗಿ ಯಾರಿಗೆ ಅಗತ್ಯ, ಯಾವ ನೀರಿನ ಮೇಲೆ ಯಾರಿಗೆ ಹಕ್ಕಿದೆ, ಯಾವ ಕಾಲದಲ್ಲಿ ನದಿಗೆ ಇಳಿಯಬಾರದು ಎಂಬುದನ್ನು ತಿಳಿಯದೆ ನಷ್ಟಕ್ಕೆ, ಕೆಲವೊಮ್ಮೆ ಜೀವಹಾನಿಗೆ ಒಳಗಾಗುವುದನ್ನು ತಪ್ಪಿಸುವ ಉದ್ದೇಶದಿಂದ ಈ ಮಾಹಿತಿಯನ್ನು ನೀಡಲಾಗಿದೆ.

2. ಅನ್ವಯವಾಗುವ ಕಾನೂನುಗಳು

ಅ) ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ, 1996: ರಾಜ್ಯದ ನದಿ, ಜಲಾಶಯ ಹಾಗೂ ಕೆರೆಗಳಲ್ಲಿ ಮೀನುಗಾರಿಕೆಯನ್ನು ನಿಯಂತ್ರಿಸುವ ಮುಖ್ಯ ಕಾನೂನು ಇದಾಗಿದೆ. ಪರವಾನಗಿ, ಗುತ್ತಿಗೆ ಹಾಗೂ ನಿಷೇಧಿತ ವಿಧಾನಗಳ ಬಗ್ಗೆ ಈ ಅಧಿನಿಯಮ ಹಾಗೂ ಅದರಡಿ ರಚಿಸಲಾದ ನಿಯಮಗಳನ್ವಯ ಕ್ರಮ ಜರುಗಿಸಲಾಗುತ್ತದೆ.

ಆ) ಭಾರತೀಯ ಮೀನುಗಾರಿಕೆ ಅಧಿನಿಯಮ, 1897: ನೀರಿನಲ್ಲಿ ಸಿಡಿಮದ್ದು ಸ್ಫೋಟಿಸಿ ಅಥವಾ ವಿಷ ಬೆರೆಸಿ ಮೀನು ಹಿಡಿಯುವುದನ್ನು ಒಂದು ಶತಮಾನಕ್ಕೂ ಹಿಂದೆಯೇ ಈ ಅಧಿನಿಯಮವು ಅಪರಾಧವೆಂದು ಘೋಷಿಸಿತು.

ಇ) ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972: ನದಿಗಳಲ್ಲಿರುವ ಮೊಸಳೆ, ನೀರುನಾಯಿ ಹಾಗೂ ಮೆದುಚಿಪ್ಪಿನ ಆಮೆಗಳಿಗೆ ರಕ್ಷಣೆ ನೀಡುತ್ತದೆ. ಇವುಗಳನ್ನು ಹಿಡಿಯುವುದು, ಕೊಲ್ಲುವುದು, ಮಾರುವುದು ಅಥವಾ ಮನೆಯಲ್ಲಿರಿಸಿಕೊಳ್ಳುವುದು ಶಿಕ್ಷಾರ್ಹ ಅಪರಾಧವಾಗಿದೆ.

ಈ) ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959: ಮೀನುಗಾರರ ಸಹಕಾರ ಸಂಘಗಳ ನೋಂದಣಿ, ಚುನಾವಣೆ ಹಾಗೂ ಲೆಕ್ಕಪರಿಶೋಧನೆಗೆ ಅನ್ವಯಿಸುತ್ತದೆ.

3. ಯಾವ ಜಲಮೂಲ ಯಾರ ಅಧೀನದಲ್ಲಿದೆ?

ಅರ್ಜಿದಾರರಲ್ಲಿ ಹೆಚ್ಚಿನವರು ಎಡವುವುದು ಈ ವಿಷಯದಲ್ಲಿಯೇ. ಒಂದು ಕಚೇರಿಗೆ ಸಲ್ಲಿಸಬೇಕಾದ ಅರ್ಜಿಯನ್ನು ಇನ್ನೊಂದು ಕಚೇರಿಗೆ ಸಲ್ಲಿಸಿ ಒಂದು ಹಂಗಾಮನ್ನೇ ಕಳೆದುಕೊಳ್ಳುವ ಸಂದರ್ಭಗಳುಂಟು. ಆದುದರಿಂದ ಮೊದಲು ಕೆಳಕಂಡ ವಿಂಗಡಣೆಯನ್ನು ಗಮನಿಸುವುದು.

• 40 ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟು ಪ್ರದೇಶ ಹೊಂದಿರುವ ಕೆರೆಗಳು ಹಾಗೂ ಜಲಾಶಯಗಳು: ಇವುಗಳ ಮೀನು ಪಾಶುವಾರು ಹಕ್ಕನ್ನು ಮೀನುಗಾರಿಕೆ ಇಲಾಖೆಯು ವಿಲೇವಾರಿ ಮಾಡುತ್ತದೆ.

• ಅದಕ್ಕಿಂತ ಕಡಿಮೆ ಅಚ್ಚುಕಟ್ಟು ಹೊಂದಿರುವ ಕೆರೆಗಳು: ಇವುಗಳ ಮೀನು ಪಾಶುವಾರು ಹಕ್ಕು ಸಂಬಂಧಪಟ್ಟ ಗ್ರಾಮ ಪಂಚಾಯಿತಿಗೆ ಸೇರಿದ್ದು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರನ್ನು ಸಂಪರ್ಕಿಸಬೇಕು.

• ಕೃಷ್ಣಾ ಹಾಗೂ ತುಂಗಭದ್ರಾ ನದಿ ಭಾಗಗಳು: ಮೀನುಗಾರಿಕೆ ಇಲಾಖೆಯಿಂದ ಪರವಾನಗಿ ಪಡೆದು ಮೀನು ಹಿಡಿಯತಕ್ಕದ್ದು.

• ಪಟ್ಟಣ ಹಾಗೂ ನಗರ ವ್ಯಾಪ್ತಿಯ ಕೆರೆಗಳು (ಉದಾಹರಣೆಗೆ ರಾಯಚೂರು ನಗರದ ಮಾವಿನಕೆರೆ): ಮೀನು ಹಿಡಿಯುವ ಮುನ್ನ ನಗರ ಸ್ಥಳೀಯ ಸಂಸ್ಥೆಯಲ್ಲಿ ವಿಚಾರಿಸತಕ್ಕದ್ದು. ಊರಿನ ಚರಂಡಿ ನೀರು ಸೇರುವ ಕೆರೆಗಳ ಮೀನನ್ನು ಆಹಾರವಾಗಿ ಬಳಸುವುದು ಆರೋಗ್ಯಕ್ಕೆ ಹಿತಕರವಲ್ಲ.

• ಸ್ವಂತ ಜಮೀನಿನ ಕೃಷಿ ಹೊಂಡ ಅಥವಾ ಮೀನು ಕೊಳ: ಗುತ್ತಿಗೆಯ ಅಗತ್ಯವಿಲ್ಲ. ಸಹಾಯಧನ ಬಯಸುವವರು ಮಾತ್ರ ಇಲಾಖೆಗೆ ಅರ್ಜಿ ಸಲ್ಲಿಸಬೇಕು.

4. ಕೆರೆಗಳ ಮೀನು ಪಾಶುವಾರು ಹಕ್ಕು

ಇಲಾಖಾ ಅಧೀನದ ಕೆರೆಗಳ ಮೀನು ಪಾಶುವಾರು ಹಕ್ಕನ್ನು ಸರ್ಕಾರದ ಆದೇಶಗಳಿಗನುಸಾರವಾಗಿ ಸಾಮಾನ್ಯವಾಗಿ 5 ವರ್ಷಗಳ ಅವಧಿಗೆ ನೀಡಲಾಗುತ್ತದೆ. ನೋಂದಾಯಿತ ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆ ಇರುತ್ತದೆ. ಉಳಿದ ಕೆರೆಗಳನ್ನು ಟೆಂಡರ್ ಕಂ ಹರಾಜು ಮೂಲಕ ವಿಲೇವಾರಿ ಮಾಡಲಾಗುತ್ತದೆ. ಗುತ್ತಿಗೆದಾರರು ಪ್ರತಿ ವರ್ಷದ ಗುತ್ತಿಗೆ ಮೊತ್ತವನ್ನು ನಿಗದಿತ ದಿನಾಂಕದೊಳಗೆ ಪಾವತಿಸಬೇಕು ಹಾಗೂ ಕೆರೆಗೆ ಮೀನುಮರಿಗಳನ್ನು ಬಿತ್ತನೆ ಮಾಡಬೇಕು.

ಬಿತ್ತನೆ ಏಕೆ ಅಗತ್ಯವೆಂಬುದನ್ನು ಸಂಘದ ಸದಸ್ಯರು ತಿಳಿದಿರಬೇಕು. ಕಾಟ್ಲಾ, ರೋಹು ಹಾಗೂ ಮೃಗಾಲ್ ಮೀನುಗಳು ಹರಿಯುವ ನೀರಿನಲ್ಲಿ ಮೊಟ್ಟೆಯಿಡುವ ಸ್ವಭಾವದವು; ನಿಂತ ನೀರಿನ ಕೆರೆಯಲ್ಲಿ ಬೆಳೆಯುತ್ತವೆಯೇ ಹೊರತು ಸಂತಾನಾಭಿವೃದ್ಧಿ ಮಾಡುವುದಿಲ್ಲ. 1957ರ ಜುಲೈ 10ರಂದು ಡಾ. ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನ ಮೂಲಕ ಗೆಂಡೆ ಮೀನುಗಳಿಂದ ಮರಿ ಪಡೆಯುವಲ್ಲಿ ಯಶಸ್ವಿಯಾದ ನಂತರವೇ ಇವುಗಳ ಮರಿಗಳು ಎಲ್ಲೆಡೆ ದೊರೆಯಲು ದಾರಿಯಾಯಿತು. ಈ ಸಾಧನೆಯ ನೆನಪಿಗಾಗಿ ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವನ್ನಾಗಿ ಆಚರಿಸಲಾಗುತ್ತಿದೆ. ಆದುದರಿಂದ ಮರಿ ಬಿತ್ತದ ಕೆರೆಯಿಂದ ಈ ಮೂರು ತಳಿಗಳ ಫಸಲನ್ನು ನಿರೀಕ್ಷಿಸುವಂತಿಲ್ಲ. ಆಫ್ರಿಕನ್ ಕ್ಯಾಟ್‌ಫಿಷ್ ಸಾಕಣೆಯನ್ನು ನಿಷೇಧಿಸಲಾಗಿದ್ದು, ಅದರ ಮರಿಗಳನ್ನು ಯಾವುದೇ ಕೆರೆಗೆ ಬಿಡಬಾರದು. ಒಮ್ಮೆ ಕೆರೆ ಸೇರಿದರೆ ಅದು ಉಳಿದ ಮೀನುಗಳನ್ನು ತಿಂದು ಕೋಡಿಯ ಮೂಲಕ ನದಿಯನ್ನೂ ಸೇರುತ್ತದೆ.

ಮುಖ್ಯ ಸೂಚನೆ: ಪಾಶುವಾರು ಹಕ್ಕನ್ನು ಉಪಗುತ್ತಿಗೆಗೆ ನೀಡುವಂತಿಲ್ಲ. ಸಂಘದ ಹೆಸರಿನಲ್ಲಿ ಹಕ್ಕು ಪಡೆದು ಹೊರಗಿನ ವ್ಯಾಪಾರಿಗೆ ಒಪ್ಪಿಸಿದಲ್ಲಿ ಕರಾರು ರದ್ದಾಗುವುದಲ್ಲದೆ, ಅದೇ ಕೆರೆಯಲ್ಲಿ ಸದಸ್ಯರು ಕೂಲಿಗಳಾಗಿ ದುಡಿಯಬೇಕಾಗುತ್ತದೆ. ಗುತ್ತಿಗೆ ಮೊತ್ತ ಪಾವತಿಸಲು ವ್ಯಾಪಾರಿಯಿಂದ ಮುಂಗಡ ಪಡೆಯುವುದಕ್ಕಿಂತ ಬ್ಯಾಂಕುಗಳಲ್ಲಿ ಲಭ್ಯವಿರುವ ಸಾಲ ಸೌಲಭ್ಯವನ್ನು ಮೊದಲು ವಿಚಾರಿಸುವುದು. 2018-19ನೇ ಸಾಲಿನಿಂದ ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನು ಮೀನುಗಾರರಿಗೂ ವಿಸ್ತರಿಸಲಾಗಿದೆ.

5. ನದಿ ಭಾಗದಲ್ಲಿ ಮೀನು ಹಿಡಿಯಲು ಪರವಾನಗಿ

ಬಲೆ, ಹರಿಗೋಲು ಅಥವಾ ಗಾಳದ ಮೂಲಕ ನದಿಯಲ್ಲಿ ಮೀನು ಹಿಡಿಯಲಿಚ್ಛಿಸುವವರು ಸಂಬಂಧಪಟ್ಟ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ವೃತ್ತಿಪರ ಮೀನುಗಾರರಂತೆಯೇ ಹವ್ಯಾಸಿಗಳೂ ನದಿಗೆ ಹೋಗುವ ಮೊದಲು ಕಚೇರಿಯಲ್ಲಿ ವಿಚಾರಿಸಿ ಅನುಮತಿ ಪಡೆಯತಕ್ಕದ್ದು.

ಸಾಮಾನ್ಯವಾಗಿ ಲಗತ್ತಿಸಬೇಕಾದ ದಾಖಲೆಗಳು:
(1) ಭರ್ತಿ ಮಾಡಿದ ಅರ್ಜಿ ನಮೂನೆ
(2) ಆಧಾರ್ ಅಥವಾ ಚುನಾವಣಾ ಗುರುತಿನ ಚೀಟಿಯ ಪ್ರತಿ
(3) ವಾಸಸ್ಥಳದ ದಾಖಲೆ
(4) ಇತ್ತೀಚಿನ ಭಾವಚಿತ್ರಗಳು
(5) ಸಂಘದ ಸದಸ್ಯರಾಗಿದ್ದಲ್ಲಿ ಸದಸ್ಯತ್ವದ ಪ್ರತಿ
(6) ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರಾಗಿದ್ದಲ್ಲಿ ಜಾತಿ ಪ್ರಮಾಣಪತ್ರ
(7) ಸರ್ಕಾರವು ಕಾಲಕಾಲಕ್ಕೆ ನಿಗದಿಪಡಿಸಿದ ಶುಲ್ಕ ಪಾವತಿಸಿದ ರಸೀದಿ

ಷರತ್ತುಗಳು:
• ಪರವಾನಗಿಯಲ್ಲಿ ನಮೂದಿಸಿದ ನದಿ ಭಾಗ ಹಾಗೂ ಬಲೆಯ ವಿಧವನ್ನು ಮೀರಬಾರದು.
• ಪರವಾನಗಿಯನ್ನು ಇತರರಿಗೆ ವರ್ಗಾಯಿಸಬಾರದು. ನದಿಗೆ ಇಳಿಯುವಾಗ ಜೊತೆಯಲ್ಲಿರಬೇಕು.
• ಸೊಳ್ಳೆಪರದೆಯಂತಹ ಸಣ್ಣ ಕಣ್ಣಿನ ಬಲೆಗಳನ್ನು ಬಳಸಬಾರದು. ಗೆಂಡೆ ಮೀನುಗಳು ಮೊಟ್ಟೆಯಿಡುವ ಹಂತಕ್ಕೆ ಬರಲು ಸುಮಾರು ಎರಡು ವರ್ಷ ಬೇಕು. ಮರಿಯಿದ್ದಾಗಲೇ ಹಿಡಿದಲ್ಲಿ ಮುಂದಿನ ವರ್ಷದ ಫಸಲೇ ಇಲ್ಲವಾಗುತ್ತದೆ.
• ಸಿಡಿಮದ್ದು, ವಿಷ ಹಾಗೂ ವಿದ್ಯುತ್ ಹರಿಸುವ ವಿಧಾನಗಳನ್ನು ಬಳಸಬಾರದು.
• ಮಳೆಗಾಲವು ಮೀನುಗಳು ಮೊಟ್ಟೆಯಿಡುವ ಕಾಲವಾಗಿರುವುದರಿಂದ, ಆ ಅವಧಿಗೆ ಹೊರಡಿಸುವ ನಿಷೇಧಾಜ್ಞೆಗಳನ್ನು ಪಾಲಿಸಬೇಕು.

ಗಡಿ ಕುರಿತು ಸೂಚನೆ: ರಾಯಚೂರು ತಾಲ್ಲೂಕಿನಲ್ಲಿ ಕೃಷ್ಣಾ ನದಿಯ ಆಚೆಯ ದಂಡೆ ತೆಲಂಗಾಣಕ್ಕೂ, ತುಂಗಭದ್ರಾ ನದಿಯ ಆಚೆಯ ದಂಡೆ ಆಂಧ್ರ ಪ್ರದೇಶಕ್ಕೂ ಸೇರಿದೆ. ಕರ್ನಾಟಕದಲ್ಲಿ ಪಡೆದ ಪರವಾನಗಿಯು ಕರ್ನಾಟಕದ ವ್ಯಾಪ್ತಿಗೆ ಮಾತ್ರ ಸೀಮಿತವಾಗಿರುತ್ತದೆ. ಮೀನು ಗಡಿಯನ್ನರಿಯದು, ಆದರೆ ಮೀನುಗಾರರು ಅರಿತಿರಬೇಕು. ಬಲೆ ಅಥವಾ ಹರಿಗೋಲನ್ನು ಆಚೆಯ ದಂಡೆಯವರು ತಡೆಹಿಡಿದಲ್ಲಿ ವಾಗ್ವಾದಕ್ಕೆ ಇಳಿಯದೆ ಸಮೀಪದ ಪೊಲೀಸ್ ಠಾಣೆಗೂ ಇಲಾಖೆಗೂ ಲಿಖಿತವಾಗಿ ತಿಳಿಸುವುದು.

6. ಹರಿಗೋಲು ಬಾಡಿಗೆಗೆ ಪಡೆದು ಗಾಳ ಹಾಕುವವರ ಗಮನಕ್ಕೆ

ಬಿದಿರಿನ ಹೆಣಿಗೆಯ ದುಂಡನೆಯ ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಒಂದೇ ಹುಟ್ಟಿನಿಂದ ನಡೆಸುವ ಇದು ಶಾಂತ ನೀರಿನಲ್ಲಿ ಅತ್ಯಂತ ಉಪಯುಕ್ತ ಸಾಧನ. ಆದರೆ ಸೆಳವಿಗೆ ಸಿಲುಕಿದಾಗ ತಿರುಗುತ್ತದೆ ಹಾಗೂ ಒಂದೇ ಬದಿಗೆ ಭಾರ ಬಿದ್ದಾಗ ಮಗುಚುತ್ತದೆ. ಇಬ್ಬರು ಮೀನುಗಾರರು ಬಲೆಯೊಂದಿಗೆ ಹೋಗಬಹುದಾದ ಹರಿಗೋಲಿನಲ್ಲಿ ಗಾಳದ ಕೋಲುಗಳೊಂದಿಗೆ ಐದಾರು ಜನ ಹೋಗುವುದು ಅಪಾಯಕ್ಕೆ ಆಹ್ವಾನ ನೀಡಿದಂತೆ. 2020ರ ಆಗಸ್ಟ್‌ನಲ್ಲಿ ರಾಯಚೂರು ತಾಲ್ಲೂಕಿನ ನಡುಗಡ್ಡೆ ಪ್ರದೇಶದಲ್ಲಿ ತುಂಬಿ ಹರಿಯುತ್ತಿದ್ದ ಕೃಷ್ಣಾ ನದಿಯನ್ನು ದಾಟುತ್ತಿದ್ದ ಹರಿಗೋಲು ಮಗುಚಿದ ದುರಂತವು ಜಿಲ್ಲೆಯ ಜನರ ನೆನಪಿನಲ್ಲಿದೆ.

• ಮೀನುಗಾರಿಕೆ ಪರವಾನಗಿಯು ಪ್ರಯಾಣಿಕರನ್ನು ಸಾಗಿಸುವ ಅನುಮತಿಯಲ್ಲ. ಬಾಡಿಗೆಗೆ ಜನರನ್ನು ಕರೆದೊಯ್ಯುವವರು ತಹಶೀಲ್ದಾರರ ಕಚೇರಿ ಹಾಗೂ ಸ್ಥಳೀಯ ಸಂಸ್ಥೆಯಲ್ಲಿ ವಿಚಾರಿಸಿ ಅಗತ್ಯ ಅನುಮತಿ ಪಡೆದಿರಬೇಕು.
• ಹರಿಗೋಲಿನಲ್ಲಿರುವ ಪ್ರತಿಯೊಬ್ಬರೂ, ಈಜು ಬಲ್ಲವರು ಸಹ, ಜೀವರಕ್ಷಕ ಜಾಕೆಟ್ ಧರಿಸತಕ್ಕದ್ದು.
• ಹರಿಗೋಲಿನಲ್ಲಿ ಎದ್ದು ನಿಲ್ಲಬಾರದು. ದೊಡ್ಡ ಮೀನು ಗಾಳಕ್ಕೆ ಸಿಕ್ಕಾಗ ಎಲ್ಲರೂ ಒಂದೇ ಬದಿಗೆ ವಾಲುವುದೇ ಮಗುಚಲು ಕಾರಣವಾಗುತ್ತದೆ. ಬಾಳೆ ಮೀನಿನಂತಹ ಬಲಶಾಲಿ ಮೀನನ್ನು ದಂಡೆಗೆ ತಂದು ಎಳೆಯುವುದು ಲೇಸು.
• ಮದ್ಯಪಾನ ಮಾಡಿದವರನ್ನು ಹರಿಗೋಲಿಗೆ ಹತ್ತಿಸಬಾರದು.
• ಸೂರ್ಯಾಸ್ತಕ್ಕೆ ಮೊದಲು ದಂಡೆ ಸೇರತಕ್ಕದ್ದು.
• ಗೂಗಲ್ ಬ್ಯಾರೇಜ್, ರಾಜೋಳಿಬಂಡಾ ತಿರುವು ಅಣೆಕಟ್ಟು ಹಾಗೂ ಶಕ್ತಿನಗರದ ನೀರೆತ್ತುವ ಸ್ಥಾವರಗಳ ಸಮೀಪ ಹೋಗಬಾರದು. ಅಣೆಕಟ್ಟಿನ ಕೆಳಗೆ ಸುಳಿಯಲ್ಲಿ ಸಿಲುಕಿದವರು ಮೇಲೆ ಬರುವುದು ದುಸ್ತರ.

7. ಅಣೆಕಟ್ಟುಗಳಿಂದ ನೀರು ಬಿಡುಗಡೆ: ಎಚ್ಚರಿಕೆ

ಜಿಲ್ಲೆಯಲ್ಲಿ ಮಳೆ ಇಲ್ಲದ ದಿನವೂ ನದಿ ಉಕ್ಕಬಹುದು. ಕೃಷ್ಣಾ ನದಿಯಲ್ಲಿ ನೀರಿನ ಮಟ್ಟವು ಆಲಮಟ್ಟಿ ಹಾಗೂ ನಾರಾಯಣಪುರದ ಬಸವಸಾಗರ ಜಲಾಶಯಗಳಿಂದ ಬಿಡುವ ನೀರನ್ನು ಅವಲಂಬಿಸಿದೆ. ತುಂಗಭದ್ರಾ ನದಿಯಲ್ಲಿ ಅದು ಹೊಸಪೇಟೆ ಬಳಿಯ ತುಂಗಭದ್ರಾ ಜಲಾಶಯವನ್ನು ಅವಲಂಬಿಸಿದೆ. ಮಹಾರಾಷ್ಟ್ರದ ಪಶ್ಚಿಮ ಘಟ್ಟಗಳಲ್ಲಿ ಅಥವಾ ಮಲೆನಾಡಿನಲ್ಲಿ ಸುರಿದ ಮಳೆಯು ಕೆಲವು ದಿನಗಳ ನಂತರ ಇಲ್ಲಿ ಪ್ರವಾಹವಾಗಿ ಬರುತ್ತದೆ. 2009ರ ಸೆಪ್ಟೆಂಬರ್ ಅಂತ್ಯ ಹಾಗೂ ಅಕ್ಟೋಬರ್ ಆರಂಭದಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಜಿಲ್ಲೆಯ ನದಿ ದಂಡೆಯ ಗ್ರಾಮಗಳು ಪ್ರವಾಹದಿಂದ ಬಾಧಿತವಾದವು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳ ಪೈಕಿ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಆ ಗೇಟಿನ ಮೇಲಿನ ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ಅಪಾರ ಪ್ರಮಾಣದ ನೀರನ್ನು ನದಿಗೆ ಬಿಡಬೇಕಾಯಿತು. ಮುನ್ಸೂಚನೆಯಿಲ್ಲದೆ ನಡುರಾತ್ರಿಯೂ ಇಂತಹ ಪರಿಸ್ಥಿತಿ ಒದಗಬಹುದು ಎಂಬುದಕ್ಕೆ ಇದು ನಿದರ್ಶನ. ಮಾನ್ವಿ ತಾಲ್ಲೂಕಿನ ನದಿ ಪಾತ್ರದಲ್ಲಿ ರಾತ್ರಿ ಬಲೆ ಕಾಯುವವರು ಇದನ್ನು ಮರೆಯಬಾರದು.

ಪ್ರಕಟಣೆಗಳಲ್ಲಿ ಬರುವ ಕ್ಯೂಸೆಕ್ ಎಂಬ ಪದದ ಅರ್ಥ ಸೆಕೆಂಡಿಗೆ ಒಂದು ಘನ ಅಡಿ ನೀರು, ಅಂದರೆ ಸುಮಾರು 28 ಲೀಟರ್. 1 ಲಕ್ಷ ಕ್ಯೂಸೆಕ್ ಬಿಡುಗಡೆಯೆಂದರೆ ಪ್ರತಿ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರ್ ನೀರು ಹರಿಯುತ್ತದೆ. ಡಂಗುರ, ಧ್ವನಿವರ್ಧಕ ಅಥವಾ ಗ್ರಾಮ ಆಡಳಿತ ಅಧಿಕಾರಿಯವರ ಮೂಲಕ ಎಚ್ಚರಿಕೆ ಬಂದ ಕೂಡಲೇ ಹರಿಗೋಲು, ಬಲೆ ಹಾಗೂ ಪಂಪ್‌ಸೆಟ್‌ಗಳನ್ನು ಎತ್ತರದ ಸ್ಥಳಕ್ಕೆ ಸಾಗಿಸಬೇಕು. ನೀರು ಏರುತ್ತಿರುವಾಗ ಬಲೆ ತರಲೆಂದು ಮರಳಿ ನದಿಗೆ ಇಳಿಯಬಾರದು. ಬಲೆಯನ್ನು ಮತ್ತೆ ಕೊಳ್ಳಬಹುದು.

8. ಮೊಸಳೆಗಳಿರುವ ನದಿ ಭಾಗದಲ್ಲಿ ವಹಿಸಬೇಕಾದ ಎಚ್ಚರ

ರಾಯಚೂರು ಹಾಗೂ ದೇವದುರ್ಗ ತಾಲ್ಲೂಕುಗಳ ಕೃಷ್ಣಾ ನದಿ ಪಾತ್ರದಲ್ಲಿ ಮೊಸಳೆಗಳು ವಾಸಿಸುತ್ತವೆ. ಚಳಿಗಾಲದ ಬೆಳಗಿನಲ್ಲಿ ಬಂಡೆ ಹಾಗೂ ಮರಳಿನ ದಿಣ್ಣೆಗಳ ಮೇಲೆ ಬಿಸಿಲು ಕಾಯುತ್ತವೆ. ಬೇಸಿಗೆಯಲ್ಲಿ ದಂಡೆಯ ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಡುತ್ತವೆ. ಗೂಡು ಕಾಯುವ ಹೆಣ್ಣು ಮೊಸಳೆಯ ಬಳಿಗೆ ಹೋಗುವುದು ಅಪಾಯಕಾರಿ.

• ಸೊಂಟದಷ್ಟು ನೀರಿನಲ್ಲಿ ನಿಂತು ಬಲೆ ಎಳೆಯುವುದನ್ನು, ಮುಸ್ಸಂಜೆ ಹಾಗೂ ರಾತ್ರಿ ವೇಳೆ ನೀರಿಗಿಳಿಯುವುದನ್ನು ತಪ್ಪಿಸುವುದು.
• ಮೀನಿನ ಕರುಳು ಹಾಗೂ ಸತ್ತ ಮೀನುಗಳನ್ನು ಬಟ್ಟೆ ಒಗೆಯುವ, ದನಗಳಿಗೆ ನೀರು ಕುಡಿಸುವ ಸ್ಥಳದಲ್ಲಿ ಎಸೆಯಬಾರದು. ಇದರಿಂದ ಮೊಸಳೆಗಳು ಜನರಿರುವೆಡೆಗೆ ಬರುವುದನ್ನು ರೂಢಿಸಿಕೊಳ್ಳುತ್ತವೆ.
• ಬಲೆಗೆ ಮೊಸಳೆ ಅಥವಾ ಆಮೆ ಸಿಲುಕಿದಲ್ಲಿ ಹೊಡೆಯದೆ, ಬಲೆಯನ್ನು ಬಿಟ್ಟು ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸುವುದು.
• ಮೊಸಳೆ ದಾಳಿಯಿಂದ ಗಾಯ ಅಥವಾ ಮರಣ ಸಂಭವಿಸಿದಲ್ಲಿ ವೈದ್ಯಕೀಯ ದಾಖಲೆ ಹಾಗೂ ಪೊಲೀಸ್ ದೂರಿನ ಪ್ರತಿಯೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಪರಿಹಾರಕ್ಕಾಗಿ ಅರ್ಜಿ ಸಲ್ಲಿಸಬಹುದು.

9. ಅಪಘಾತ ವಿಮೆ ಹಾಗೂ ಸಹಾಯಧನ

ಕೇಂದ್ರ ಸರ್ಕಾರವು 2020ರಲ್ಲಿ ಆರಂಭಿಸಿದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಫಲಾನುಭವಿ ಆಧಾರಿತ ಘಟಕಗಳಿಗೆ ಘಟಕ ವೆಚ್ಚದ ಶೇ. 40ರಷ್ಟು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳೆಯರಿಗೆ ಶೇ. 60ರಷ್ಟು ಸಹಾಯಧನ ನಿಗದಿಪಡಿಸಲಾಯಿತು. ಇದೇ ಯೋಜನೆಯ ಸಮೂಹ ಅಪಘಾತ ವಿಮೆಯಲ್ಲಿ ಮರಣ ಅಥವಾ ಶಾಶ್ವತ ಸಂಪೂರ್ಣ ಅಂಗವೈಕಲ್ಯಕ್ಕೆ ರೂ. 5.00 ಲಕ್ಷ, ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ ರೂ. 2.50 ಲಕ್ಷ ಹಾಗೂ ಆಸ್ಪತ್ರೆ ವೆಚ್ಚಕ್ಕೆ ರೂ. 25,000ವರೆಗೆ ಪರಿಹಾರ ನಿಗದಿಯಾಗಿದ್ದು, ವಿಮಾ ಕಂತನ್ನು ಸರ್ಕಾರವೇ ಭರಿಸುವ ವ್ಯವಸ್ಥೆ ಮಾಡಲಾಯಿತು. ಅರ್ಜಿ ಸಲ್ಲಿಸುವ ವರ್ಷದಲ್ಲಿ ಜಾರಿಯಲ್ಲಿರುವ ಮಾರ್ಗಸೂಚಿಯನ್ನು ತಾಲ್ಲೂಕು ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು.

ವಿಮೆಯ ಲಾಭ ಪಡೆಯಲು ಅಪಘಾತಕ್ಕೆ ಮುನ್ನವೇ ಹೆಸರು ನೋಂದಣಿಯಾಗಿರಬೇಕು. ದುಡಿಯುವ ವ್ಯಕ್ತಿ ನದಿಯ ಪಾಲಾದ ನಂತರ ಕಚೇರಿಗೆ ಬರುವ ಕುಟುಂಬಕ್ಕೆ, ನೋಂದಣಿ ಇಲ್ಲದಿದ್ದಲ್ಲಿ, ವಿಮಾ ಪರಿಹಾರ ದೊರಕಿಸುವುದು ಸಾಧ್ಯವಾಗದು. ಆದುದರಿಂದ ಸಂಘಗಳ ಕಾರ್ಯದರ್ಶಿಗಳು ಪ್ರತಿ ವರ್ಷ ಸದಸ್ಯರ ಪಟ್ಟಿಯನ್ನು ಪರಿಶೀಲಿಸಿ, ಬಿಟ್ಟುಹೋದ ಹೆಸರುಗಳನ್ನು ಸೇರಿಸತಕ್ಕದ್ದು. ನಾಮನಿರ್ದೇಶಿತರ ಹೆಸರು ಹಾಗೂ ಬ್ಯಾಂಕ್ ಖಾತೆಯ ವಿವರ ಸರಿಯಾಗಿದೆಯೇ ಎಂಬುದನ್ನು ಮನೆಯವರೂ ತಿಳಿದಿರಬೇಕು.

10. ಕರಾವಳಿಗೆ ತೆರಳುವ ಜಿಲ್ಲೆಯ ಸಾರ್ವಜನಿಕರಿಗೆ

ಮಲ್ಪೆ, ಮಂಗಳೂರು, ಕಾರವಾರ ಮುಂತಾದೆಡೆ ದೋಣಿ ಬಾಡಿಗೆಗೆ ಪಡೆದು ಸೀಬಾಸ್ (ಕುರುಡೆ), ತೊರಕೆ ಮುಂತಾದ ಮೀನುಗಳಿಗೆ ಗಾಳ ಹಾಕಬಯಸುವವರು, ಅಲ್ಲಿ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮ, 1986 ಅನ್ವಯಿಸುತ್ತದೆ ಎಂಬುದನ್ನು ಗಮನಿಸುವುದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ತೊರಕೆಯ ಬಾಲದ ಮುಳ್ಳು ವಿಷಯುಕ್ತವಾಗಿದ್ದು, ಚುಚ್ಚಿದಲ್ಲಿ ತಡೆದುಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಗಾಯವನ್ನು ಅದ್ದಿರಿಸಿ ಕೂಡಲೇ ವೈದ್ಯರನ್ನು ಕಾಣಬೇಕು. ಗರಗಸ ಮೀನು ಸೇರಿದಂತೆ ತೊರಕೆಯ ಸಂಬಂಧಿಗಳಾದ ಕೆಲವು ಮೀನುಗಳು ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಪಟ್ಟಿಯಲ್ಲಿರುವುದರಿಂದ, ಗಾಳಕ್ಕೆ ಸಿಕ್ಕಲ್ಲಿ ಜೀವಂತವಾಗಿ ನೀರಿಗೆ ಬಿಡಬೇಕು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಮ್ಮ ಊರಿನ ಕೆರೆಯಲ್ಲಿ ಮನೆಯ ಬಳಕೆಗಾಗಿ ಗಾಳ ಹಾಕಬಹುದೇ?
ಉತ್ತರ: ಕೆರೆಯ ಪಾಶುವಾರು ಹಕ್ಕು ಸಂಘಕ್ಕೆ ಅಥವಾ ಗುತ್ತಿಗೆದಾರರಿಗೆ ನೀಡಲ್ಪಟ್ಟಿದ್ದಲ್ಲಿ ಅವರ ಒಪ್ಪಿಗೆ ಇಲ್ಲದೆ ಹಿಡಿಯುವಂತಿಲ್ಲ. ಆ ಮೀನು ಅವರು ಹಣ ತೊಡಗಿಸಿ ಬಿತ್ತಿದ ಫಸಲಾಗಿರುತ್ತದೆ.

ಪ್ರಶ್ನೆ: ಕೆರೆ ಬತ್ತಿದಲ್ಲಿ ಗುತ್ತಿಗೆ ಮೊತ್ತ ಮನ್ನಾ ಆಗುವುದೇ?
ಉತ್ತರ: ತಾನಾಗಿಯೇ ಮನ್ನಾ ಆಗುವುದಿಲ್ಲ. ನೀರು ಕಡಿಮೆಯಾಗುತ್ತಿರುವಾಗಲೇ ಲಿಖಿತ ಮನವಿ ಸಲ್ಲಿಸಿ ಸ್ಥಳ ಪರಿಶೀಲನೆ ಕೋರಬೇಕು. ಬತ್ತಿ ತಿಂಗಳುಗಳಾದ ನಂತರ ಸಲ್ಲಿಸುವ ಮನವಿಗೆ ಸಾಕ್ಷ್ಯ ದೊರೆಯುವುದಿಲ್ಲ.

ಪ್ರಶ್ನೆ: ಸಂಘದ ಸದಸ್ಯನಾಗದೆ ನದಿ ಪರವಾನಗಿ ಪಡೆಯಬಹುದೇ?
ಉತ್ತರ: ಅರ್ಜಿ ಸಲ್ಲಿಸಬಹುದು. ಸದಸ್ಯತ್ವವಿದ್ದಲ್ಲಿ ವಿಮೆ ನೋಂದಣಿ ಹಾಗೂ ಇತರ ಸೌಲಭ್ಯಗಳಿಗೆ ಅನುಕೂಲವಾಗುತ್ತದೆ.

ಪ್ರಶ್ನೆ: ಮಹಿಳೆಯರು ಅರ್ಜಿ ಸಲ್ಲಿಸಬಹುದೇ?
ಉತ್ತರ: ಸಲ್ಲಿಸಬಹುದು. ಮೀನು ಮಾರಾಟ, ಕೊಳ ನಿರ್ಮಾಣ ಮುಂತಾದ ಘಟಕಗಳಿಗೆ ತಮ್ಮ ಹೆಸರಿನಲ್ಲಿಯೇ ಅರ್ಜಿ ಸಲ್ಲಿಸಲು ಉತ್ತೇಜನ ನೀಡಲಾಗುತ್ತದೆ.

12. ಅರ್ಜಿ ವಿಳಂಬವಾದಲ್ಲಿ

ಅರ್ಜಿ ಸಲ್ಲಿಸಿದ ದಿನವೇ ಸ್ವೀಕೃತಿ ಪಡೆಯುವುದು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳಾಗಿದ್ದಲ್ಲಿ ಸ್ವೀಕೃತಿಯಲ್ಲಿ ನೀಡಲಾದ ಸಂಖ್ಯೆಯ ಮೂಲಕ ಅರ್ಜಿಯ ಸ್ಥಿತಿಯನ್ನು ತಿಳಿಯಬಹುದು ಹಾಗೂ ನಿಗದಿತ ಅವಧಿ ಮೀರಿದಲ್ಲಿ ಮೇಲ್ಮನವಿ ಸಲ್ಲಿಸಬಹುದು. ಹರಾಜು, ಗುತ್ತಿಗೆ ಕರಾರು ಹಾಗೂ ಫಲಾನುಭವಿಗಳ ಪಟ್ಟಿಯ ಪ್ರತಿಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕ ಪಾವತಿಸಿ ಕೋರಬಹುದು. 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಯಾವುದೇ ಸೇವೆಗೆ ರಸೀದಿ ಇಲ್ಲದೆ ಹಣ ನೀಡಬಾರದು. ಮಧ್ಯವರ್ತಿಗಳನ್ನು ಆಶ್ರಯಿಸಬಾರದು.

13. ಸಂಪರ್ಕಿಸಬೇಕಾದ ಕಚೇರಿಗಳು

• ಜಿಲ್ಲಾ ಮಟ್ಟ: ಮೀನುಗಾರಿಕೆ ಉಪ ನಿರ್ದೇಶಕರ ಕಚೇರಿ, ರಾಯಚೂರು
• ತಾಲ್ಲೂಕು ಮಟ್ಟ: ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿ (ರಾಯಚೂರು, ದೇವದುರ್ಗ, ಮಾನ್ವಿ)
• ಸಣ್ಣ ಕೆರೆಗಳಿಗೆ: ಸಂಬಂಧಪಟ್ಟ ಗ್ರಾಮ ಪಂಚಾಯಿತಿ ಕಚೇರಿ
• ಮೊಸಳೆ ಹಾಗೂ ವನ್ಯಜೀವಿ: ವಲಯ ಅರಣ್ಯಾಧಿಕಾರಿಗಳ ಕಚೇರಿ
• ತುರ್ತು ಸಂದರ್ಭದಲ್ಲಿ: ದೂರವಾಣಿ ಸಂಖ್ಯೆ 112

ಸಾರ್ವಜನಿಕರು ಹಾಗೂ ಮೀನುಗಾರ ಬಾಂಧವರು ಮೇಲ್ಕಂಡ ಮಾಹಿತಿಯನ್ನು ಗಮನಿಸಿ, ಮಳೆಗಾಲ ಆರಂಭವಾಗುವ ಮುನ್ನವೇ ಪರವಾನಗಿ ಹಾಗೂ ವಿಮೆ ನೋಂದಣಿಯನ್ನು ಪೂರ್ಣಗೊಳಿಸಿಕೊಳ್ಳಬೇಕೆಂದು ಕೋರಲಾಗಿದೆ.